ರೆಪೊ ಇಳಿದರೂ 2018ರ ಗೃಹಸಾಲದ ಬಡ್ಡಿ ಇಳಿದಿಲ್ಲ: ಪ್ರತಿಕ್ರಿಯೆ

ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಇಳಿದರೂ 2018ರಲ್ಲಿ ತೆಗೆದ ಗೃಹಸಾಲದ ಬಡ್ಡಿ ಯಾಕೆ ಇಳಿದಿಲ್ಲ ಎಂದು ಕೇಳಿದ್ದೀರಿ. 2018ರ ಸಾಲ ಅಂದರೆ ಅದು ಬಹುಶಃ ಇನ್ನೂ ಎಂಸಿಎಲ್‌ಆರ್‌ನಲ್ಲೇ, ಅಂದರೆ ಬ್ಯಾಂಕ್ ತನ್ನ ಹಣದ ವೆಚ್ಚ ನೋಡಿ ತಾನೇ ನಿಗದಿಪಡಿಸುವ ದರದಲ್ಲೇ ಇದೆ. ಬ್ಯಾಂಕುಗಳು ಹೊಸ ಗೃಹಸಾಲವನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಬೇಕೆಂಬ ನಿಯಮ ಬಂದದ್ದು 2019ರ ಅಕ್ಟೋಬರ್ 1ರಿಂದ. ಹಳೆಯ ಸಾಲಗಾರರದ್ದು ಅವರು ಕೇಳಿದರೆ ಮಾತ್ರ ಬದಲಾಗುತ್ತದೆ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ ಶೇ 6.5ರಿಂದ 5.5ಕ್ಕೆ ಇಳಿದರೂ ನಿಮಗೆ ತಟ್ಟದಿರಲು ಇದೇ ಕಾರಣವಿರಬೇಕು.

ಮೊದಲು ಮಂಜೂರಾತಿ ಪತ್ರದಲ್ಲಿ ಮೂರು ಸಾಲು ಹುಡುಕಿ: ಮೂಲ ದರ ಯಾವುದು, ಅದರ ಮೇಲೆ ಬ್ಯಾಂಕ್ ಸೇರಿಸುವ ಹೆಚ್ಚುವರಿ ದರ (ಸ್ಪ್ರೆಡ್) ಎಷ್ಟು, ನಿಮ್ಮ ಬಡ್ಡಿದರವನ್ನು ಮರುಹೊಂದಿಸುವ (ರಿಸೆಟ್) ದಿನಾಂಕ ಯಾವಾಗ. ಎಂಸಿಎಲ್‌ಆರ್‌ನಲ್ಲಿ ರಿಸೆಟ್ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ರೆಪೊ ಸಾಲದಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಆಗಲೇಬೇಕು. ಇಎಂಐ ಅಷ್ಟೇ ಇದೆ ಎಂದು ಮೋಸವೆನ್ನಬೇಡಿ, ಅವಧಿ ಕಡಿಮೆಯಾಗಿರಬಹುದು. ಸ್ಟೇಟ್‌ಮೆಂಟಿನ ಬಡ್ಡಿ ಕಾಲಂ ನೋಡಿ: ಬಾಕಿ 30 ಲಕ್ಷಕ್ಕೆ ತಿಂಗಳಿಗೆ ಸುಮಾರು 22,500 ಬಿದ್ದಿದ್ದರೆ ದರ ಶೇ 9, ಸುಮಾರು 20,000 ಆದರೆ ಶೇ 8.

ಆಮೇಲೆ ರೆಪೊಗೆ ಬದಲಿಸಲು ಲಿಖಿತ ಅರ್ಜಿ ಕೊಡಿ. ಹೊಸ ಸ್ಪ್ರೆಡ್ ಎಷ್ಟೆಂದು ಬರಹದಲ್ಲೇ ಕೇಳಿ. ಹೆಚ್ಚಿನವರು ಎಡವುವುದು ಇಲ್ಲೇ. ಕೌಂಟರಿನ ಬಾಯಿಮಾತು ಲೆಕ್ಕಕ್ಕಿಲ್ಲ, ಸ್ವೀಕೃತಿ ಸಂಖ್ಯೆ ಬೇಕು.

ಬ್ಯಾಂಕಿಗೆ ಕೊಟ್ಟ ಲಿಖಿತ ದೂರನ್ನು ಅದು ನಿರಾಕರಿಸಿದರೆ, ಸಮಾಧಾನದ ಉತ್ತರ ಕೊಡದಿದ್ದರೆ ಅಥವಾ ದೂರು ಕೊಟ್ಟು 30 ದಿನವಾದರೂ ಸುಮ್ಮನಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ರಿಸರ್ವ್ ಬ್ಯಾಂಕಿನದೇ ಆನ್‌ಲೈನ್ ದೂರು ತಾಣವಾದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಿ, ಶುಲ್ಕವಿಲ್ಲ. "ದರ ಜಾಸ್ತಿ" ಎಂದಷ್ಟೇ ಬರೆದರೆ ತಿರಸ್ಕಾರವಾಗಬಹುದು. ಯಾವ ರಿಸೆಟ್ ತಪ್ಪಿತು, ಎಷ್ಟು ಹಣ ಹೆಚ್ಚಾಗಿ ಕಡಿತವಾಯಿತು ಎಂದು ದಿನಾಂಕ ಸಮೇತ ಬರೆದು, ಮಂಜೂರಾತಿ ಪತ್ರ ಮತ್ತು ಸ್ಟೇಟ್‌ಮೆಂಟ್ ಲಗತ್ತಿಸಿ.