ರೆಬೆಕ್ಕಾ ಗ್ರಾಟ್ಜ್: ನಲವತ್ತು ವರ್ಷ ಕಾರ್ಯದರ್ಶಿ
ಯಹೂದಿ ಸಮುದಾಯದ ಸೇವಾಸಂಸ್ಥೆಗಳಲ್ಲಿ ಬದುಕಿಡೀ ಸಂಬಳವಿಲ್ಲದೆ ದುಡಿದು ಮುಂದಾಳಾದ ಮಹಿಳೆಯರಲ್ಲಿ ಯಾರ ಬಗ್ಗೆ ಓದಬೇಕು, ಹಣವನ್ನು ಬಿಟ್ಟು ಅಂಥವರು ಕೊಟ್ಟದ್ದೇನು ಎಂದು ನೀವು ಕೇಳಿದ್ದೀರಿ. ಅಮೆರಿಕದ ಫಿಲಡೆಲ್ಫಿಯಾ ನಗರದ ರೆಬೆಕ್ಕಾ ಗ್ರಾಟ್ಜ್ ಅವರ ಬಗ್ಗೆ ಓದಿ ಎನ್ನುತ್ತೇನೆ. ನಮ್ಮ ಊರಿನ ಮಹಿಳಾ ಸಮಾಜದಲ್ಲಿ ಹಲವು ವರ್ಷ ಕಾರ್ಯದರ್ಶಿಯಾಗಿ ನಡಾವಳಿ ಪುಸ್ತಕ ಬರೆದವಳು ನಾನು. ಆದ್ದರಿಂದಲೇ ಇರಬೇಕು, ಅವರ ಚರಿತ್ರೆಯಲ್ಲಿ ನನ್ನ ಗಮನವನ್ನು ಮೊದಲು ಸೆಳೆದದ್ದು ಅವರು ದಶಕಗಟ್ಟಲೆ ನಿಭಾಯಿಸಿದ ಕಾರ್ಯದರ್ಶಿಯ ಹೊಣೆ.

ಅವರು ಹುಟ್ಟಿದ್ದು 1781ರ ಮಾರ್ಚ್ 4ರಂದು, ಅನುಕೂಲಸ್ಥ ವ್ಯಾಪಾರಿ ಮನೆತನದಲ್ಲಿ. ಇಪ್ಪತ್ತರ ವಯಸ್ಸಿನಲ್ಲಿ, 1801ರಲ್ಲಿ, ತಾಯಿ ಮತ್ತು ಅಕ್ಕತಂಗಿಯರೊಂದಿಗೆ ಹಾಗೂ ನಗರದ ಇತರ ಯಹೂದಿ, ಕ್ರೈಸ್ತ ಮಹಿಳೆಯರೊಂದಿಗೆ ಸೇರಿ, ಒಂದು ಕಾಲಕ್ಕೆ ಚೆನ್ನಾಗಿ ಬಾಳಿ ಆಮೇಲೆ ಬಡತನಕ್ಕೆ ಬಿದ್ದ ಕುಟುಂಬಗಳ ಹೆಂಗಸರು ಮತ್ತು ಮಕ್ಕಳಿಗೆ ನೆರವಾಗುವ ಸಂಘವೊಂದನ್ನು ಕಟ್ಟಿ, ಅದರ ಕಾರ್ಯದರ್ಶಿಯಾದರು. 1815ರಲ್ಲಿ ಫಿಲಡೆಲ್ಫಿಯಾ ಅನಾಥಾಲಯದ ಸ್ಥಾಪನೆಯಲ್ಲಿ ಪಾಲ್ಗೊಂಡರು. ಅಲ್ಲಿಯೂ ಸುಮಾರು ನಲವತ್ತು ವರ್ಷ ಅದೇ ಹೊಣೆ ಹೊತ್ತರು. ಸಭೆ ಸೇರಿಸುವುದು, ನಡಾವಳಿ ಬರೆಯುವುದು, ಪತ್ರಗಳಿಗೆ ಉತ್ತರಿಸುವುದು, ವರ್ಷದ ವರದಿಯಲ್ಲಿ ಕೆಲಸದ ಅಗತ್ಯವನ್ನು ದಾನಿಗಳಿಗೆ ಮನದಟ್ಟು ಮಾಡುವುದು, ಇವೆಲ್ಲ ಹೊರಗಿನವರ ಕಣ್ಣಿಗೆ ಬೀಳದ ಕೆಲಸಗಳು. ಆದರೆ ಇವು ಒಂದು ವರ್ಷ ನಿಂತರೆ ಸಂಸ್ಥೆಯೇ ನಿಲ್ಲುತ್ತದೆ ಎಂಬುದನ್ನು ನಾನು ಅನುಭವದಿಂದ ಬಲ್ಲೆ.

ಆ ಕಾಲದ ಅಮೆರಿಕದ ದತ್ತಿಸಂಸ್ಥೆಗಳಲ್ಲಿ ಅನ್ನದ ಜೊತೆಗೆ ಕ್ರೈಸ್ತ ಬೋಧನೆಯೂ ಬರುತ್ತಿದ್ದುದು ಸಾಮಾನ್ಯವಾಗಿತ್ತು. ಹಸಿದ ಯಹೂದಿ ಹೆಂಗಸು ನೆರವು ಪಡೆಯಲು ತನ್ನ ಧರ್ಮವನ್ನು ಬದಿಗಿಡಬೇಕಾಗಬಾರದು ಎಂಬ ಕಾಳಜಿಯಿಂದ, ಅವರು ತಮ್ಮ ಮಿಕ್ವೆ ಇಸ್ರೇಲ್ ಸಿನಗಾಗ್‌ನ (ಯಹೂದಿ ಪ್ರಾರ್ಥನಾಮಂದಿರದ) ಮಹಿಳೆಯರೊಂದಿಗೆ 1819ರಲ್ಲಿ ಫೀಮೇಲ್ ಹೀಬ್ರೂ ಬೆನೆವೊಲೆಂಟ್ ಸೊಸೈಟಿಯನ್ನು ಆರಂಭಿಸಿದರು. ಸಿನಗಾಗ್‌ನ ಆಡಳಿತಕ್ಕೆ ಒಳಪಡದೆ ಮಹಿಳೆಯರೇ ನಡೆಸಿದ, ಅಮೆರಿಕದ ಮೊದಲ ಯಹೂದಿ ಸೇವಾಸಂಸ್ಥೆ ಇದು. ಇದು ಬಡ ಕುಟುಂಬಗಳಿಗೆ ಆಹಾರ, ಉರುವಲು, ವಸತಿ ಒದಗಿಸುತ್ತಿತ್ತು. ಮುಂದೆ ಕೆಲಸ ಹುಡುಕಿಕೊಡುವ ವ್ಯವಸ್ಥೆಯನ್ನೂ ಮಾಡಿತು. ಕೊನೆಯದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಯಹೂದಿಗಳು ದಾನಕ್ಕೆ ಬಳಸುವ ‘ಸೆದಾಕಾ’ ಎಂಬ ಹೀಬ್ರೂ ಪದದ ಮೂಲದಲ್ಲಿರುವುದು ನ್ಯಾಯ ಎಂಬ ಅರ್ಥ. ಹನ್ನೆರಡನೆಯ ಶತಮಾನದ ವಿದ್ವಾಂಸ ಮೈಮೊನಿಡೀಸ್ ದಾನವನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿ, ಸಾಲವನ್ನೋ ಉದ್ಯೋಗವನ್ನೋ ಕೊಟ್ಟು, ಮತ್ತೆ ಕೈಚಾಚದಂತೆ ಒಬ್ಬರನ್ನು ಸ್ವಂತ ಕಾಲಮೇಲೆ ನಿಲ್ಲಿಸುವುದನ್ನು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಇರಿಸಿದ್ದಾನೆ.

1823ರಲ್ಲಿ ತಂಗಿ ರೇಚಲ್ ತೀರಿಕೊಂಡಾಗ, ಮದುವೆಯಾಗದೆ ಉಳಿದಿದ್ದ ರೆಬೆಕ್ಕಾ ಆಕೆಯ ಮಕ್ಕಳನ್ನು ತಮ್ಮ ಮನೆಯಲ್ಲೇ ಸಾಕಿದರು. ಆ ಮನೆವಾರ್ತೆಯ ನಡುವೆಯೂ ಸಂಘದ ಕೆಲಸ ನಿಲ್ಲಲಿಲ್ಲ.

ಅವರ ಕೆಲಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 1838ರಲ್ಲಿ, ಅವರ ಐವತ್ತೇಳನೆಯ ಹುಟ್ಟುಹಬ್ಬದ ದಿನದಂದೇ, ಬಾಗಿಲು ತೆರೆದ ಹೀಬ್ರೂ ಸಂಡೇ ಸ್ಕೂಲ್, ಅಂದರೆ ಯಹೂದಿ ಮಕ್ಕಳಿಗೆ ಧರ್ಮಪಾಠ ಹೇಳುವ ಭಾನುವಾರದ ಶಾಲೆ. ಬಡವರ ಮಕ್ಕಳೂ ಬರಲೆಂದು ಶುಲ್ಕವಿರಲಿಲ್ಲ. ಹುಡುಗ ಹುಡುಗಿಯರು ಜೊತೆಗೆ ಕಲಿಯುತ್ತಿದ್ದರು. ಧರ್ಮಬೋಧನೆ ಗಂಡಸರ ಕೈಯಲ್ಲಿದ್ದ ಸಮುದಾಯದಲ್ಲಿ ಇಲ್ಲಿ ಪಾಠ ಹೇಳಿದವರೆಲ್ಲ ಹೆಂಗಸರು. ಆರಂಭದಲ್ಲಿ ಇಂಗ್ಲಿಷಿನಲ್ಲಿ ಯಹೂದಿ ಮಕ್ಕಳಿಗೆಂದೇ ಬರೆದ ಪಠ್ಯಗಳು ಸಾಲದ ಕಾರಣ ಕ್ರೈಸ್ತ ಶಾಲೆಗಳ ಪುಸ್ತಕವನ್ನೇ ತಂದು, ತಮ್ಮ ಮಕ್ಕಳಿಗೆ ಹೊಂದದ ಉತ್ತರಗಳ ಮೇಲೆ ಕಾಗದದ ಚೂರು ಅಂಟಿಸುತ್ತಿದ್ದರು. ಬೇಸಿಗೆಯ ಉದ್ದನೆಯ ಹಗಲುಗಳು ಆ ಕೆಲಸದಲ್ಲೇ ಕಳೆದುಹೋಗುತ್ತಿದ್ದವೆಂದೂ, ಕಾಗದದಡಿಯಲ್ಲಿ ಏನಿದೆಯೆಂದು ಓದಲು ಮಕ್ಕಳು ಪಡುತ್ತಿದ್ದ ಪಾಡೆಲ್ಲ ವ್ಯರ್ಥವಾಗುತ್ತಿತ್ತೆಂದೂ ಅಲ್ಲಿ ಕೆಲಸ ಮಾಡಿದವರೊಬ್ಬರು ನೆನಪಿಸಿಕೊಂಡಿದ್ದಾರೆ. ತಕ್ಕ ಪುಸ್ತಕ ಬರಲಿ, ಆಮೇಲೆ ನೋಡೋಣ ಎಂದು ಅವರು ಕಾಯುತ್ತ ಕೂರಲಿಲ್ಲ. ಮುಂದೆ ಅಲ್ಲಿನ ಶಿಕ್ಷಕಿ ಸಿಮ್ಹಾ ಪೆಶೋಟೊ ಸ್ವತಃ ಪಠ್ಯ ಬರೆದರು. ಚಾರ್ಲ್ಸ್‌ಟನ್ನಿನಂಥ ಬೇರೆ ಊರುಗಳಲ್ಲೂ ಇದೇ ಮಾದರಿಯ ಶಾಲೆಗಳು ಹುಟ್ಟಿಕೊಂಡವು. ಗ್ರಾಟ್ಜ್ ಎಂಬತ್ತು ದಾಟಿದ ಮೇಲೂ ಆ ಶಾಲೆಯನ್ನು ನೋಡಿಕೊಳ್ಳುತ್ತಿದ್ದರು.

ಯಹೂದಿ ವಲಸಿಗರ ಸಂಖ್ಯೆ ಏರುತ್ತಿದ್ದಂತೆ, ತಂದೆತಾಯಿ ಇಲ್ಲದ ಯಹೂದಿ ಮಕ್ಕಳಿಗೆ ತಮ್ಮದೇ ಆಶ್ರಯ ಬೇಕೆಂದು ಅವರು ವಾದಿಸಿದರು. ಅದರ ಫಲವಾಗಿ 1855ರಲ್ಲಿ ಜ್ಯೂಯಿಷ್ ಫಾಸ್ಟರ್ ಹೋಮ್ ಆರಂಭವಾಯಿತು. ಆಗ ಅವರಿಗೆ ಎಪ್ಪತ್ನಾಲ್ಕು ವರ್ಷ.

ಹಣದ ವಿಷಯಕ್ಕೆ ಬಂದರೆ, ಅವರ ಮನೆತನ ಕೊಡುಗೈಯದು ಎಂಬುದರಲ್ಲಿ ಸಂದೇಹವಿಲ್ಲ. ಅಣ್ಣ ಹೈಮನ್ ಬಿಟ್ಟುಹೋದ ದತ್ತಿಯಿಂದ ಮುಂದೆ ಗ್ರಾಟ್ಜ್ ಕಾಲೇಜು ಸ್ಥಾಪನೆಯಾಯಿತು. ಆದರೆ ರೆಬೆಕ್ಕಾ ಕೊಟ್ಟದ್ದರಲ್ಲಿ ಹಣಕ್ಕಿಂತ ದೊಡ್ಡದು ಅವರ ಅರವತ್ತಕ್ಕೂ ಹೆಚ್ಚು ವರ್ಷಗಳ ದಿನನಿತ್ಯದ ದುಡಿಮೆ ಎಂದೇ ನಾನು ನಂಬುತ್ತೇನೆ. 1869ರ ಆಗಸ್ಟ್‌ನಲ್ಲಿ ತೀರಿಕೊಂಡ ಅವರ ಸಮಾಧಿ ಫಿಲಡೆಲ್ಫಿಯಾದ ಸ್ಪ್ರೂಸ್ ಸ್ಟ್ರೀಟಿನ ಮಿಕ್ವೆ ಇಸ್ರೇಲ್ ಸ್ಮಶಾನದಲ್ಲಿದೆ. 1819ರಲ್ಲಿ ಅವರು ಆರಂಭಿಸಿದ ಸೊಸೈಟಿ ಅದೇ ನಗರದಲ್ಲಿ ಅದೇ ಹೆಸರಿನಲ್ಲಿ ಕಷ್ಟದಲ್ಲಿರುವ ಮಹಿಳೆಯರಿಗೆ ಈಗಲೂ ನೆರವಾಗುತ್ತಿದೆ.