ಟೈಟೇನಿಯಂ ಚೌಕಟ್ಟಿನ ಐಫೋನ್ ಹೆಚ್ಚು ಬಾಳಿಕೆ ಬರುತ್ತದೆಯೇ?

ಹಾಗೇನೂ ಇಲ್ಲ. ಬಿದ್ದಾಗ ಒಡೆಯುವುದು ಗಾಜು, ಚೌಕಟ್ಟಲ್ಲ. ಮೆತ್ತಗಿನ ಅಲ್ಯೂಮಿನಿಯಂ ತಾನೇ ನೆಗ್ಗಿ ಒಂದಿಷ್ಟು ಪೆಟ್ಟು ನುಂಗಿಕೊಳ್ಳುತ್ತದೆ. ಗಡುಸು ಚೌಕಟ್ಟು ಅದನ್ನು ಗಾಜಿನ ಅಂಚಿಗೆ ದಾಟಿಸಬಹುದು.

2023ರ ಐಫೋನ್ 15 ಪ್ರೊದಲ್ಲಿ ಸ್ಟೀಲ್ ಬಿಟ್ಟು ಟೈಟೇನಿಯಂ ಹಾಕಿದ್ದರಿಂದ ಆದ ನಿಜವಾದ ಲಾಭ ತೂಕದ್ದು: 14 ಪ್ರೊ 206 ಗ್ರಾಂ, ಇದು 187. ಆದರೆ ಟೈಟೇನಿಯಂ ಶಾಖವನ್ನು ಬೇಗ ಹರಡುವುದಿಲ್ಲ. 2025ರ 17 ಪ್ರೊ ಮತ್ತೆ ಅಲ್ಯೂಮಿನಿಯಂಗೆ ಮರಳಿದ್ದಕ್ಕೆ ಅದೂ ಒಂದು ಕಾರಣ. 17 ಪ್ರೊದ ಬಣ್ಣ ಆನೊಡೈಸ್ ಮಾಡಿದ (ವಿದ್ಯುತ್ ಹಾಯಿಸಿ ಲೋಹದ ಮೇಲೆ ಬೆಳೆಸಿದ) ತೆಳು ಪದರ, ಕ್ಯಾಮೆರಾ ದಿಬ್ಬದ ಚೂಪು ಅಂಚಿನಲ್ಲಿ ಬೇಗ ಕಿತ್ತುಬರುತ್ತದೆ. ಕೀ ಗೊಂಚಲಿನ ಜೊತೆ ಜೇಬಿಗೆ ಹಾಕಬೇಡಿ.

ಅಲ್ಯೂಮಿನಿಯಂನಲ್ಲೂ ತರಾವರಿ ಇದೆ. 2014ರ 6 ಪ್ಲಸ್ ಜೇಬಿನಲ್ಲೇ ಬಾಗುತ್ತದೆಂಬ ದೂರು ಎದ್ದಿತ್ತು. ಮರುವರ್ಷದ 6ಎಸ್‌ಗೆ 7000 ಸರಣಿಯ ಗಟ್ಟಿ ಮಿಶ್ರಲೋಹ ಬಂತು, ರೂಪ ಮಾತ್ರ ಅದೇ. ಆಗ ‘ಎಸ್’ ಕಂಡರೆ ಹಳೇ ಅಚ್ಚು, ಹೊಸ ಒಳಗು ಎಂದು ಗೊತ್ತಾಗುತ್ತಿತ್ತು. 2018ರ ನಂತರ ಆ ಅಕ್ಷರವೇ ಇಲ್ಲ, ಹೆಸರು ನೋಡಿದರೆ ತಿಳಿಯದು. ಉದಾಹರಣೆಗೆ, ಐಫೋನ್ 14ರಲ್ಲಿರುವುದು 13ರ ಕಾಲದ ಎ15 ಪ್ರೊಸೆಸರ್ ಚಿಪ್ಪೇ. ಹೆಸರು ನೋಡಿದರೆ ತಿಳಿಯದು. ಆದರೂ ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ 14 ವಾಸಿ: ಅದರ ಹಿಂಬದಿ ಗಾಜನ್ನಷ್ಟೇ ಬಿಚ್ಚಿ ಬದಲಿಸಬಹುದು, 13ರಲ್ಲಿ ಅದು ಚೌಕಟ್ಟಿಗೇ ಭದ್ರವಾಗಿ ಅಂಟಿರುತ್ತದೆ.