ಮಾತ್ರೆ ಬಿಡಬೇಡಿ, ಕಥೆಯನ್ನು ಮತ್ತೆ ಬರೆಯಿರಿ

ಪ್ರಿಯ ಬರಹಗಾರರಿಗೆ,

ನಮಸ್ಕಾರ. ನಿಮ್ಮ ‘ನಿದ್ದೆಯಿಲ್ಲದ ಓಣಿ’ ಕಥೆಯನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸುವುದಿಲ್ಲ. ಕಾರಣಗಳನ್ನು ಮುಂದೆ ಹೇಳುತ್ತೇವೆ. ಅದಕ್ಕಿಂತ ಮೊದಲು ಜೊತೆಗಿಟ್ಟಿದ್ದ ಪತ್ರದ ಬಗ್ಗೆ ಮಾತಾಡಬೇಕು. ಖಿನ್ನತೆಗೆ ಡಾಕ್ಟರು ಕೊಟ್ಟ ಮಾತ್ರೆ ತಗೊಂಡರೆ ಬರವಣಿಗೆ ಸಾಗುವುದಿಲ್ಲವೆಂದು ಬಿಟ್ಟಿದ್ದೀರಿ, ರಾತ್ರಿ ಒಂದರಿಂದ ನಾಲ್ಕರವರೆಗೆ ಬರೆಯುತ್ತೀರಿ, ನೋವು ಹೋದರೆ ಬರಹವೂ ಹೋಗುತ್ತದೆಂಬ ಭಯ ನಿಮಗಿದೆ. ಈ ಭಯ ಅನೇಕರಿಗಿದೆ. ಆದರೆ ಅದನ್ನು ನಂಬಿ ಔಷಧಿ ಬಿಡುವುದು ತಪ್ಪು.

ಖಿನ್ನತೆಯ ಮಾತ್ರೆ ಗುಣ ತೋರಿಸಲು ಸಾಮಾನ್ಯವಾಗಿ ಎರಡರಿಂದ ಆರು ವಾರ ಬೇಕು. ಮಂಪರು, ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಮೊದಲ ವಾರದಲ್ಲೇ ಕಾಣಿಸಿಕೊಳ್ಳಬಹುದು. ತೊಂದರೆ ಮೊದಲು ಬಂದು ಗುಣ ಆಮೇಲೆ ಬರುವುದರಿಂದ, ನಡುವಿನ ಆ ದಿನಗಳಲ್ಲೇ ಬಹಳ ಜನ ಕೈಬಿಡುತ್ತಾರೆ. ತಟ್ಟನೆ ಬಿಟ್ಟರೆ ತಲೆಸುತ್ತು, ಸಿಡುಕು, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಆಗಬಹುದು. ರಾತ್ರಿಯ ನಿಮ್ಮ ಚಡಪಡಿಕೆಗೆ ಅದೂ ಕಾರಣವಿರಬಹುದು. ಡಾಕ್ಟರಿಗೆ ‘ಬರೆಯಲು ಆಗುತ್ತಿಲ್ಲ’ ಎಂದಷ್ಟೇ ಹೇಳಿದರೆ ಅವರಿಗೆ ಹಿಡಿತ ಸಿಗುವುದಿಲ್ಲ. ಇವನ್ನು ನೆನಪಿಸಿಕೊಂಡು ಬರೆದುಕೊಂಡು ಹೋಗಿ: ಮಾತ್ರೆ ತಗೊಂಡಾಗ ಎಷ್ಟು ಗಂಟೆಗೆ ತಗೊಳ್ಳುತ್ತಿದ್ದಿರಿ, ಮಂಪರು ಎಷ್ಟು ಹೊತ್ತಿನವರೆಗೆ ಇರುತ್ತಿತ್ತು, ಪುಟ ಓದಿ ಮುಗಿಸುವಾಗ ಮೊದಲ ಸಾಲು ನೆನಪಿರುತ್ತಿತ್ತೋ ಇಲ್ಲವೋ, ಬಿಟ್ಟ ಮೇಲೆ ನಿದ್ದೆ ಎಷ್ಟು ತಾಸು. ಇಷ್ಟು ಗೊತ್ತಾದರೆ ಅವರು ಹೊತ್ತು ಬದಲಿಸಬಹುದು, ಪ್ರಮಾಣ ತಗ್ಗಿಸಬಹುದು, ಬೇರೆ ಔಷಧಿಯನ್ನೇ ಕೊಡಬಹುದು. ಬಿಟ್ಟದ್ದನ್ನು ನೀವಾಗಿಯೇ ಮತ್ತೆ ಶುರು ಮಾಡಬೇಡಿ, ಕೇಳಿ ಮಾಡಿ. ಇನ್ನೊಂದು ಮಾತು: ಎರಡು ಮೂರು ತಾಸು ಮಲಗಿಯೂ ದಣಿವಿಲ್ಲದೆ, ಆಲೋಚನೆಗಳು ಒಂದರ ಮೇಲೊಂದು ನುಗ್ಗಿ ಪುಟಗಟ್ಟಲೆ ಬರೆಯುವಂತಾದರೆ ಅದನ್ನು ಸ್ಫೂರ್ತಿ ಎಂದುಕೊಂಡು ಕೂರಬೇಡಿ, ಅವತ್ತೇ ಡಾಕ್ಟರಿಗೆ ತಿಳಿಸಿ.

ಕಾಯಿಲೆ ಬೇರೆ, ಔಷಧಿ ಬೇರೆ, ಆದರೂ ನಿಮ್ಮ ಭಯಕ್ಕೆ ಹತ್ತಿರದ ಒಂದು ಅಧ್ಯಯನವಿದೆ. ಡೆನ್ಮಾರ್ಕಿನ ಮನೋವೈದ್ಯ ಮೊಗೆನ್ಸ್ ಶೌ ಉನ್ಮಾದ ಮತ್ತು ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆಗೆ ಲಿಥಿಯಂ ತಗೊಳ್ಳುತ್ತಿದ್ದ 24 ಕಲಾವಿದರನ್ನು ವಿಚಾರಿಸಿ 1979ರಲ್ಲಿ ಪ್ರಕಟಿಸಿದರು. ಕಲೆಯ ಕೆಲಸ ಹೆಚ್ಚು ಸಾಗಿತು ಎಂದವರು 12, ವ್ಯತ್ಯಾಸವಿಲ್ಲ ಎಂದವರು 6, ಕಡಿಮೆಯಾಯಿತು ಎಂದವರು 6. ಕೊನೆಯ ಆರು ಜನರ ಮಾತನ್ನು ತಳ್ಳಿಹಾಕುವಂತಿಲ್ಲ, ನಿಮ್ಮ ಮಾತನ್ನೂ ಅಷ್ಟೇ. ಆದರೆ ಔಷಧಿ ತಗೊಂಡರೆ ಬರಹ ಸಾಯುತ್ತದೆಂದು ಮೊದಲೇ ತೀರ್ಮಾನಿಸಲು ಆಧಾರವಿಲ್ಲ.

ಈಗ ಕಥೆಗೆ ಬರೋಣ. ಏಳನೇ ಪುಟದಲ್ಲಿ ತಾಯಿ ಮಗಳ ಮಾತ್ರೆ ಚೀಟಿಯನ್ನು ಅಕ್ಕಿ ಡಬ್ಬದೊಳಗೆ ಹುದುಗಿಸಿಡುತ್ತಾಳೆ. ಬೀಗರು ಬಂದು ಕೂತಿದ್ದಾರೆ, ಅನ್ನಕ್ಕಿಡಬೇಕು, ಅಕ್ಕಿ ಅಳೆಯುವಾಗ ಪಾವಿನ ಜೊತೆ ಚೀಟಿಯೂ ಮೇಲೆ ಬರುತ್ತದೆ. ತಾಯಿ ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಅಕ್ಕಿ ತೊಳೆಯುತ್ತಾಳೆ. ಹನ್ನೊಂದು ಸಾಲು. ಇಡೀ ಮನೆಯ ನಾಚಿಕೆ, ಭಯ, ಪ್ರೀತಿ ಎಲ್ಲವೂ ಅಲ್ಲಿದೆ. ಉಳಿದ ಪುಟಗಳಲ್ಲಿ ‘ಶೂನ್ಯ’, ‘ಕತ್ತಲು’, ‘ಮೌನ’ ಸಾಲುಸಾಲಿಗೂ ಬರುತ್ತವೆ, ಏನೂ ಕಾಣಿಸುವುದಿಲ್ಲ. ಒಂದೇ ಸಂಕಟವನ್ನು ನಾಲ್ಕು ಕಡೆ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಹೇಳಿದ್ದೀರಿ. ನಿದ್ದೆಗೆಟ್ಟ ತಲೆ ಹೀಗೆಯೇ ಮಾಡುತ್ತದೆ: ಸುತ್ತಿದ್ದನ್ನೇ ಸುತ್ತುತ್ತದೆ, ಬರೆಯುವಾಗ ಅದು ಆಳವೆನಿಸುತ್ತದೆ. ಏಳನೇ ಪುಟವನ್ನು ಬರೆದವರು ಕಣ್ಣಿಟ್ಟು ನೋಡಿದವರು. ಹಾಗೆ ನೋಡುವುದಕ್ಕೆ ವಿಶ್ರಾಂತಿ ಬೇಕು.

ಕೊನೆಯಲ್ಲಿ ನಾಯಕಿ ಜೀವ ಕಳೆದುಕೊಳ್ಳುವ ವಿಧಾನವನ್ನು ಹಂತಹಂತವಾಗಿ ಬರೆದಿದ್ದೀರಿ. ಅದನ್ನು ನಾವು ಯಾವ ಕಾರಣಕ್ಕೂ ಅಚ್ಚು ಹಾಕುವುದಿಲ್ಲ. ಆತ್ಮಹತ್ಯೆಯ ವಿಧಾನ ವಿವರಿಸಬಾರದೆಂಬ ನಿಯಮವನ್ನು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಸುದ್ದಿಗಳಿಗಾಗಿ ಅಂಗೀಕರಿಸಿತು, ನಾವು ಕಥೆಗಳಿಗೂ ಅದನ್ನೇ ಪಾಲಿಸುತ್ತೇವೆ, ಏಕೆಂದರೆ ಓದುವವರಲ್ಲಿ ಅಂಥದೇ ಹೊತ್ತನ್ನು ದಾಟುತ್ತಿರುವವರು ಇರುತ್ತಾರೆ. ನಿಮ್ಮನ್ನೂ ನೇರವಾಗಿ ಕೇಳುತ್ತಿದ್ದೇವೆ: ಆ ಯೋಚನೆ ನಿಮಗೂ ಬರುತ್ತಿದೆಯೇ? ಬರುತ್ತಿದ್ದರೆ ಕಥೆ ಪಕ್ಕಕ್ಕಿಡಿ, ಮನೆಯಲ್ಲಿ ಒಬ್ಬರಿಗಾದರೂ ಈಗಲೇ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಬರೆಯುವ ಕ್ರಮ ಹೀಗೆ ಬದಲಾಗಲಿ. ಹಗಲು ಹೊತ್ತಿನಲ್ಲಿ ಮುಕ್ಕಾಲು ಗಂಟೆ, ಅಲಾರಂ ಇಟ್ಟುಕೊಂಡು. ಅಲಾರಂ ಹೊಡೆದಾಗ ಮುಂದಿನ ಸಾಲು ಗೊತ್ತಿದ್ದರೂ ನಿಲ್ಲಿಸಿ, ಆ ಸಾಲಿನ ಸುಳಿವನ್ನಷ್ಟೇ ಬರೆದಿಡಿ. ನಾಳೆ ಕೂತ ತಕ್ಷಣ ಕೈ ಓಡುತ್ತದೆ. ನೋವಿನ ಪ್ರಸಂಗವಾದರೆ 15 ನಿಮಿಷ ಸಾಕು, ಅದೂ ಮಲಗುವ ಮೊದಲು ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಆಘಾತಗಳ ಬಗ್ಗೆ ಬರೆದರು. ಘಟನೆ, ಭಾವನೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ, ಆದರೆ ಬರೆದ ಕೂಡಲೇ ಮನಸ್ಸು ಮೊದಲಿಗಿಂತ ಕುಗ್ಗಿತ್ತು. ಈ ಕುಗ್ಗುವಿಕೆ ನಿಮಗೆ ರಾತ್ರಿ ನಾಲ್ಕಕ್ಕೆ ಬರುತ್ತಿದೆ, ಮನೆಮಂದಿಯೆಲ್ಲ ಮಲಗಿರುವಾಗ. ಹಗಲಿನಲ್ಲಾದರೆ ಎದ್ದು ಬಟ್ಟೆ ಒಗೆಯಬಹುದು, ಸೊಪ್ಪು ಸೋಸಬಹುದು, ಅಂಗಡಿಗೆ ಹೋಗಿಬರಬಹುದು. ಬರೆದದ್ದನ್ನು ಅವತ್ತೇ ಓದಬೇಡಿ, ಅಳಿಸಲೂ ಬೇಡಿ. ನಾಲ್ಕು ದಿನ ಹೀಗೆ ಬರೆದೂ ಸಂಕಟ ಏರುತ್ತಲೇ ಇದ್ದರೆ ಆ ಪ್ರಸಂಗವನ್ನು ಬಿಟ್ಟು ಕಥೆಯ ಬೇರೆ ಭಾಗ ಬರೆಯಿರಿ.

ನೋಟ್‌ಬುಕ್ ಎರಡಿರಲಿ. ಒಂದು ನಿಮಗೊಬ್ಬರಿಗೇ, ಅಲ್ಲಿ ‘ಶೂನ್ಯ’ ಎಷ್ಟು ಸಲ ಬಂದರೂ ಸರಿ. ಇನ್ನೊಂದು ಕಥೆಗೆ. ಮೊದಲನೆಯದರಿಂದ ಕಥೆಗೆ ಏನನ್ನಾದರೂ ತರುವುದಾದರೆ ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ ತನ್ನಿ.

ಹೊಸ ಪ್ರತಿ ಏಳನೇ ಪುಟದಿಂದಲೇ ಶುರುವಾಗಲಿ. ಈಗ ಸುಮಾರು 4,000 ಪದಗಳಿವೆ, 1,800ಕ್ಕೆ ಇಳಿಸಿ. ಆ ತಾಯಿ ನಿಮ್ಮ ತಾಯಿಯೇ ಆಗಿದ್ದರೆ ಊರು, ಉದ್ಯೋಗ, ಮನೆತನದ ಗುರುತು ಬದಲಿಸಿ, ಅವರಿಗೆ ಓದಿ ಹೇಳಿ, ಒಪ್ಪಿದರೆ ಮಾತ್ರ ಕಳಿಸಿ. ಎರಡು ತಿಂಗಳಿಗೆ ಮೊದಲು ಬೇಡ, ವಿಶೇಷಾಂಕದ ಗಡುವನ್ನು ಮರೆತುಬಿಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಹಗಲಲ್ಲಿ ಇನ್ನೊಮ್ಮೆ ಓದಿ ಮೇಲ್ ಮಾಡಿ. ಡಾಕ್ಟರನ್ನು ಕಂಡು ಬಂದ ಮೇಲೆ ಒಂದು ಸಾಲು ಬರೆದು ತಿಳಿಸಿ, ಅದಕ್ಕೆ ಕಥೆ ಮುಗಿಯುವವರೆಗೆ ಕಾಯಬೇಕಿಲ್ಲ.

ಸಂಪಾದಕರು